ಅನುದಾನದ ಪ್ರಸ್ತಾವನೆ: ಲೆಕ್ಕ ಮೊದಲು, ಮಾತು ಆಮೇಲೆ

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಹೊಸದುರ್ಗದವರೆಗಿನ ಕನ್ನಡ ಸಂಘ, ಗ್ರಂಥಾಲಯ, ಯಕ್ಷಗಾನ ಕಲಾಸಂಘ, ಯುವಕ ಮಂಡಲಗಳಿಗೆ ದುಡ್ಡು ಎತ್ತುವುದು ಹೊಸ ಕೆಲಸವಲ್ಲ. ಬ್ರಹ್ಮಕಲಶಕ್ಕೋ ವಾರ್ಷಿಕೋತ್ಸವಕ್ಕೋ ರಶೀದಿ ಪುಸ್ತಕ ಹಿಡಿದು ಮನೆ ಮನೆ ಹತ್ತಿಳಿದವರು ಪ್ರತಿ ಊರಲ್ಲೂ ಇದ್ದಾರೆ. ಅನುದಾನಕ್ಕೆ ಬರೆಯಲು ಕೂತಾಗ ಆ ಅನುಭವವೇ ಕಾಲಿಗೆ ತೊಡರುತ್ತದೆ. ವಂತಿಗೆ ಕೊಡುವವರಿಗೆ ಸಂಘದ ಅಧ್ಯಕ್ಷರ ಮುಖ ಗೊತ್ತು, ಅವರ ಅಪ್ಪನ ಹೆಸರೂ ಗೊತ್ತು. ಬೆಂಗಳೂರಿನಲ್ಲೋ ಕೊಚ್ಚಿಯಲ್ಲೋ ಕೂತು ಅರ್ಜಿ ಓದುವ ಅಧಿಕಾರಿಗೆ ಪೈವಳಿಕೆ ಎಲ್ಲಿದೆ ಎಂಬುದೂ ಗೊತ್ತಿಲ್ಲ. ಅವರ ಮೇಜಿಗೆ ನಿಮ್ಮ ಪರವಾಗಿ ಹೋಗುವುದು ಆ ಹತ್ತು ಪುಟ ಮಾತ್ರ.

ನಮ್ಮ ಮನವಿಪತ್ರಗಳಿಗೆ ಒಂದು ಸಿದ್ಧ ಧಾಟಿ ಇದೆ: ಕಳೆದ ಮೂವತ್ತು ವರ್ಷಗಳಿಂದ ನಾಡು ನುಡಿಯ ಸೇವೆಯಲ್ಲಿ ತೊಡಗಿರುವ ನಮ್ಮ ಸಂಸ್ಥೆಗೆ ತಾವು ಉದಾರವಾಗಿ ಸಹಕರಿಸಬೇಕಾಗಿ ವಿನಂತಿ. ಸಭ್ಯವಾದ ವಾಕ್ಯ, ಸಂಶಯವಿಲ್ಲ. ಆದರೆ ಯಾರಿಗೆ, ಎಷ್ಟು ಜನಕ್ಕೆ, ಏನು ಮಾಡುತ್ತೀರಿ, ಎಷ್ಟು ಖರ್ಚು, ಕೆಲಸ ಮುಗಿದಾಗ ಏನು ಬದಲಾಗಿರುತ್ತದೆ ಎಂಬ ಐದು ಪ್ರಶ್ನೆಗಳಲ್ಲಿ ಒಂದಕ್ಕೂ ಅದರಲ್ಲಿ ಉತ್ತರವಿಲ್ಲ. ಪ್ರಸ್ತಾವನೆ ಬರೆಯಲು ಕಲಿಯುವುದೆಂದರೆ ಈ ಐದಕ್ಕೆ ಒಂದಕ್ಕೊಂದು ತಾಳೆಯಾಗುವ ಉತ್ತರ ಕೊಡಲು ಕಲಿಯುವುದು. ಅದಕ್ಕೆ ಸುಲಭದ ದಾರಿ ಬಜೆಟ್ಟಿನಿಂದ ಶುರು ಮಾಡುವುದು. ಪೀಠಿಕೆಯಿಂದ ಶುರು ಮಾಡಿದವರು ನಾಲ್ಕು ಪುಟ ಭಾವ ತುಂಬಿಸಿ, ಕೊನೆಗೆ 5,00,000 ಎಂದು ದುಂಡಗೆ ಒಂದು ಸಂಖ್ಯೆ ಬರೆದು ಕಳಿಸುತ್ತಾರೆ. ಓದುವವರು ಮೊದಲು ತಿರುವುವುದು ಆ ಕೊನೆಯ ಪುಟವನ್ನೇ.

ಬಜೆಟ್ಟು ಕಟ್ಟುವ ಬಗೆ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಂಜೇಶ್ವರ ಉಪಜಿಲ್ಲೆಯ ಆರು ಕನ್ನಡ ಮಾಧ್ಯಮ ಶಾಲೆಗಳಲ್ಲಿ 3 ಮತ್ತು 4ನೇ ತರಗತಿಯ ಮಕ್ಕಳಿಗೆ ಶನಿವಾರದ ಓದು ತರಗತಿ. ಶಾಲೆಗೆ 30ರಂತೆ 180 ಮಕ್ಕಳು. ದರಗಳು ಇಲ್ಲಿ ಲೆಕ್ಕ ತೋರಿಸಲು ಇಟ್ಟದ್ದು. ನಿಮ್ಮ ಊರಿನ ದರ ಹಾಕಿಕೊಳ್ಳಿ.

ಮೊದಲ ಪ್ರಶ್ನೆ ಎಷ್ಟು ಶನಿವಾರ ಎಂಬುದು. ಹತ್ತು ತಿಂಗಳು, ತಿಂಗಳಿಗೆ ನಾಲ್ಕು, ಒಟ್ಟು ನಲವತ್ತು ಎಂದು ಬರೆಯುವುದು ಸುಲಭ. ಆದರೆ ಕೇರಳದ ಶಾಲಾ ವರ್ಷ ಶುರುವಾಗುವುದೇ ಜೂನಿನಲ್ಲಿ, ಮಳೆಗಾಲದ ಜೊತೆ. ಜೂನ್, ಜುಲೈಯಲ್ಲಿ ಜಿಲ್ಲಾಧಿಕಾರಿ ಕೊಡುವ ಮಳೆ ರಜೆ, ಓಣಂಗೆ ಮೊದಲಿನ ಪರೀಕ್ಷೆ, ಓಣಂ ರಜೆ, ಶಾಲಾ ಕಲೋತ್ಸವದ ವಾರಗಳು, ಕ್ರಿಸ್ಮಸ್ ರಜೆ, ಕೆಲವು ಶನಿವಾರ ಶಾಲೆಗೇ ಕೆಲಸದ ದಿನ. ಜೂನ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ಸುಮಾರು 37 ಶನಿವಾರ. ಇವನ್ನೆಲ್ಲ ಕಳೆದರೆ ಕೈಗೆ ಸಿಗುವುದು 30. ನಲವತ್ತು ಬರೆದ ಸಂಘ ವರ್ಷದ ಕೊನೆಗೆ ಹತ್ತು ತರಗತಿ ಕಡಿಮೆ ಮಾಡಿದ ಸಂಘವಾಗುತ್ತದೆ. ಮೂವತ್ತು ಬರೆದ ಸಂಘ ಹೇಳಿದ್ದನ್ನು ಮಾಡಿದ ಸಂಘ. ಮಾಡಿದ ಕೆಲಸ ಎರಡು ಕಡೆಯೂ ಅಷ್ಟೇ.

ಯಕ್ಷಗಾನ ತರಬೇತಿಯ ಪ್ರಸ್ತಾವನೆಯಾದರೆ ಕ್ಯಾಲೆಂಡರ್ ತಲೆಕೆಳಗಾಗುತ್ತದೆ. ತೆಂಕುತಿಟ್ಟಿನ ಮೇಳಗಳು ದೀಪಾವಳಿಯ ಆಸುಪಾಸಿನಲ್ಲಿ ಹೊರಟು ಮೇ ಕೊನೆಯ ಪತ್ತನಾಜೆಯ ದಿನ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಮೇಳದ ಭಾಗವತರನ್ನೋ ಮದ್ದಳೆಗಾರರನ್ನೋ ಗುರುಗಳೆಂದು ಹೆಸರಿಸಿ ಜನವರಿಯಲ್ಲಿ ವಾರಕ್ಕೆ ಮೂರು ತರಗತಿ ಎಂದು ಬರೆದರೆ, ವಿಷಯ ಗೊತ್ತಿರುವ ಪರಿಶೀಲಕರು ಅಲ್ಲೇ ನಿಲ್ಲುತ್ತಾರೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಗಟ್ಟಿಯಾಗಿ ಕಲಿಸಿ, ಆಮೇಲೆ ತಿಂಗಳಿಗೊಂದು ಅಭ್ಯಾಸ ಎಂದು ಬರೆದರೆ ನಂಬುವ ಹಾಗಿರುತ್ತದೆ.

ಓದು ತರಗತಿಗೆ ಮರಳೋಣ. ಆರು ಶಾಲೆ, 30 ಶನಿವಾರ, ಒಟ್ಟು 180 ತರಗತಿ. ಕಲಿಸುವವರ ಗೌರವಧನ ತರಗತಿಗೆ 500ರಂತೆ 90,000 ರೂಪಾಯಿ. ಬಸ್ಸು, ರಿಕ್ಷಾಕ್ಕೆ 80ರಂತೆ 14,400. ಶಾಲೆಗೆ 150 ಪುಸ್ತಕ, ಒಂದಕ್ಕೆ ಸರಾಸರಿ 80, ಆರು ಶಾಲೆಗೆ 72,000. ಕಲಿಸುವವರಿಗೆ ವರ್ಷಕ್ಕೆರಡು ಸಲ, ಎರಡೆರಡು ದಿನದ ತರಬೇತಿ: ಹತ್ತು ಮಂದಿಯ ಊಟ, ಪ್ರಯಾಣಕ್ಕೆ ದಿನಕ್ಕೆ ತಲಾ 350ರಂತೆ 14,000, ತರಬೇತುದಾರರಿಗೆ ದಿನಕ್ಕೆ 2,000ದಂತೆ 8,000. ವರ್ಷದ ಮೊದಲು ಮತ್ತು ಕೊನೆಗೆ ಮಕ್ಕಳ ಓದು ಪರೀಕ್ಷಿಸಲು ಶಾಲೆಗೆ ಇಬ್ಬರು, ತಲಾ 600, ಎರಡು ಸಲ: 14,400. ಮಕ್ಕಳ ಹಾಳೆ, ಮುದ್ರಣಕ್ಕೆ ತಲೆಗೆ 40ರಂತೆ 7,200. ಅರೆಕಾಲಿಕ ಸಂಯೋಜಕರಿಗೆ ತಿಂಗಳಿಗೆ 12,000, ವರ್ಷಕ್ಕೆ 1,44,000. ಲೆಕ್ಕ ಬರೆಯುವವರಿಗೆ ತಿಂಗಳಿಗೆ 1,500ರಂತೆ 18,000, ಆಡಿಟ್‌ಗೆ 10,000, ಫೋನು ಮತ್ತು ಕಚೇರಿಗೆ ತಿಂಗಳಿಗೆ 1,000ದಂತೆ 12,000. ಒಟ್ಟು 4,04,000. ಮಗುವೊಂದಕ್ಕೆ 2,244 ರೂಪಾಯಿ. ಕೊನೆಯ ಮೂರು ಬಾಬತ್ತು ಸೇರಿದರೆ ಆಡಳಿತ ವೆಚ್ಚ 40,000, ಅಂದರೆ ನೂರಕ್ಕೆ ಹತ್ತಕ್ಕಿಂತ ಸ್ವಲ್ಪ ಕಡಿಮೆ.

ಈ ಲೆಕ್ಕದಲ್ಲಿ ಓದುವವರ ಕಣ್ಣು ಬೀಳುವ ಜಾಗ ಒಂದಿದೆ: ಕಲಿಸುವವರೆಲ್ಲರಿಗೂ ಸೇರಿ 90,000, ಸಂಯೋಜಕರೊಬ್ಬರಿಗೇ 1,44,000. ಅದನ್ನು ಅಡಗಿಸಲು ಸಂಬಳವನ್ನು ಮೂರು ಸಾಲಿಗೆ ಹಂಚುವ ಜಾಣತನ ಬೇಡ. ಅದು ತಕ್ಷಣ ಗೊತ್ತಾಗುತ್ತದೆ. ಪ್ರತಿ ಶನಿವಾರ ಎರಡು ಶಾಲೆಗೆ ಭೇಟಿ, ತಿಂಗಳ ವರದಿ, ಪುಸ್ತಕ ಖರೀದಿ, ಹೆತ್ತವರ ಸಭೆ, ಪರೀಕ್ಷೆಯ ಅಂಕಿ ಸೇರಿಸುವುದು ಎಂದು ಅವರ ಕೆಲಸವನ್ನು ಮೂರು ಸಾಲಲ್ಲಿ ಬಿಡಿಸಿ ಹೇಳಿ. ಅಷ್ಟು ಕೆಲಸ ಇಲ್ಲವೆಂದಾದರೆ ಅರ್ಧ ಸಂಬಳವನ್ನು ಸಂಘವೇ ಭರಿಸುತ್ತದೆಂದು ತೋರಿಸಿ. ನಮ್ಮ ಸಂಘಗಳಲ್ಲಿ ಇದಕ್ಕೆ ಉಲ್ಟಾ ತಪ್ಪೇ ಹೆಚ್ಚು. ಸೇವೆಗೆ ಸಂಬಳ ಕೇಳುವುದು ಮರ್ಯಾದೆಯಲ್ಲ ಎಂದುಕೊಂಡು ಸಂಯೋಜಕರ ಸಾಲನ್ನೇ ಬಿಡುತ್ತಾರೆ. ನಿವೃತ್ತ ಅಧ್ಯಾಪಕರೊಬ್ಬರು ಎರಡು ತಿಂಗಳು ಪುಕ್ಕಟೆ ಓಡಾಡುತ್ತಾರೆ, ಮೂರನೇ ತಿಂಗಳು ಅವರಿಗೆ ಮೊಮ್ಮಗನ ನಾಮಕರಣ, ನಾಲ್ಕನೆಯದಕ್ಕೆ ಅಡಿಕೆ ಕೊಯ್ಲು. ಕೆಲಸ ಅಲ್ಲಿಗೆ ನಿಲ್ಲುತ್ತದೆ.

ದರಕ್ಕೆ ಆಧಾರ ಬೇಕು. ಪುಸ್ತಕಕ್ಕೆ ಪ್ರಕಾಶಕರ ದರಪಟ್ಟಿ, ಮುದ್ರಣಕ್ಕೆ ಕಾಸರಗೋಡಿನದೊಂದು ಮತ್ತು ಮಂಗಳೂರಿನದೊಂದು ಕೊಟೇಶನ್. ಶಾಲೆ ಕೊಡುವ ಕೋಣೆ, ಹೆತ್ತವರು ತರುವ ಚಾ ತಿಂಡಿ ಇವನ್ನು ಸ್ಥಳೀಯ ಪಾಲು ಎಂದು ಪ್ರತ್ಯೇಕ ಕಾಲಮಿನಲ್ಲಿ ತೋರಿಸಿ, ಕೇಳುವ ಮೊತ್ತದೊಳಗೆ ಬೆರೆಸಬೇಡಿ.

ಸಮಸ್ಯೆ ಹೇಳುವುದು

ಬಜೆಟ್ಟು ನಿಂತಮೇಲೆ ಸಮಸ್ಯೆಯ ಭಾಗ ಬರೆಯುವುದು ಹಗುರ, ಯಾಕೆಂದರೆ ಯಾವ ಸಮಸ್ಯೆ ಎಷ್ಟರ ಮಟ್ಟಿಗೆ ನಿಮ್ಮ ಕೈಗೆಟಕುತ್ತದೆ ಎಂಬುದು ಆಗಲೇ ಖಚಿತವಾಗಿರುತ್ತದೆ. 2011ರ ಜನಗಣತಿಯಂತೆ ಕಾಸರಗೋಡು ಜಿಲ್ಲೆಯ ಜನಸಂಖ್ಯೆ 13,07,375. ಈ ಸಂಖ್ಯೆ ಎಷ್ಟೋ ಪ್ರಸ್ತಾವನೆಗಳ ಮೊದಲ ಸಾಲು. 180 ಮಕ್ಕಳ ಕೆಲಸಕ್ಕೆ ಅದರಿಂದ ಏನೂ ಪ್ರಯೋಜನವಿಲ್ಲ. ಬೇಕಾದದ್ದು ಆ ಆರು ಶಾಲೆಗಳ ದಾಖಲಾತಿ. ಅದು ಕೇರಳದ ಸಮೇತಂ ಜಾಲತಾಣದಲ್ಲಿ ಶಾಲೆವಾರು ಸಿಗುತ್ತದೆ, ಶಾಲೆಯ ಗುರುತಿನ ಯುಡೈಸ್ ಸಂಖ್ಯೆಯೂ ಸಿಗುತ್ತದೆ. ಎರಡನ್ನೂ ಹಾಕಿದರೆ ಓದುವವರು ತಾವೇ ತಾಳೆ ನೋಡಬಹುದು.

ಅದಕ್ಕಿಂತಲೂ ಬೆಲೆಯುಳ್ಳದ್ದು ನೀವೇ ಮಾಡಿದ ಸಣ್ಣ ಪರೀಕ್ಷೆ. ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆ 2005ರಿಂದ ಬಳಸುತ್ತಿರುವ ಓದಿನ ಹಾಳೆ ಕನ್ನಡದಲ್ಲೂ ಇದೆ: ಅಕ್ಷರ, ಪದ, 1ನೇ ತರಗತಿ ಮಟ್ಟದ ಚಿಕ್ಕ ಪ್ಯಾರಾ, 2ನೇ ತರಗತಿ ಮಟ್ಟದ ಕಥೆ. ಒಂದು ಮಗುವಿಗೆ ಹತ್ತು ನಿಮಿಷ ಸಾಕು. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಎರಡು ಶಾಲೆಯ 60 ಮಕ್ಕಳನ್ನು ಕೂರಿಸಿ ಓದಿಸಿ. ಕಥೆ ಓದಿದವರೆಷ್ಟು, ಪದದಲ್ಲೇ ನಿಂತವರೆಷ್ಟು ಎಂಬ ಎರಡು ಸಂಖ್ಯೆ, ಪರೀಕ್ಷಿಸಿದ ತಿಂಗಳು, ಶಾಲೆಗಳ ಹೆಸರು ಬರೆಯಿರಿ. ಮಕ್ಕಳ ಹೆಸರು, ಫೋಟೋ ಬೇಡ. ಇಷ್ಟು ಕೆಲಸ ಮಾಡಿ ಬಂದ ಸಂಘಕ್ಕೂ ಮಕ್ಕಳಲ್ಲಿ ಓದುವ ಹವ್ಯಾಸ ಕುಸಿಯುತ್ತಿದೆ ಎಂದಷ್ಟೇ ಬರೆದ ಸಂಘಕ್ಕೂ ಇರುವ ಅಂತರ ಮೊದಲ ಪುಟದಲ್ಲೇ ಕಾಣುತ್ತದೆ.

ಗಡಿನಾಡಿನ ಪ್ರಸ್ತಾವನೆಗೆ ಮಾತ್ರ ಎದುರಾಗುವ ಪ್ರಶ್ನೆ ಒಂದಿದೆ, ಅದೂ ಕೇಳುವವರು ಯಾರೆಂಬುದರ ಮೇಲೆ ಮುಖ ಬದಲಿಸುತ್ತದೆ. ಕೊಚ್ಚಿಯ ಅಧಿಕಾರಿ ಕೇಳುವುದು ಕೇರಳದಲ್ಲಿ ಕನ್ನಡ ಏಕೆ ಎಂದು. ಬೆಂಗಳೂರಿನವರು ಕೇಳುವುದು ಇದು ಕೇರಳ ಸರಕಾರದ ಜವಾಬ್ದಾರಿ ಅಲ್ಲವೇ ಎಂದು. ಮೊದಲನೆಯವರಿಗೆ ಮೂರು ವಾಕ್ಯ ಸಾಕು: ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು, ಕನ್ನಡಿಗರು ಇಲ್ಲಿ ಭಾಷಾ ಅಲ್ಪಸಂಖ್ಯಾತರು, ಸಂವಿಧಾನದ 350ಎ ವಿಧಿ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆನ್ನುತ್ತದೆ. ಎರಡನೆಯವರಿಗೆ ಸರಕಾರ ಏನು ಕೊಡುತ್ತಿದೆ ಎಂಬುದನ್ನು ಮೊದಲು ಒಪ್ಪಿಕೊಳ್ಳಿ. ಕಟ್ಟಡ, ಶಿಕ್ಷಕರು, ಕನ್ನಡದ ಪಠ್ಯಪುಸ್ತಕ ಇವೆ. ಪಠ್ಯದಾಚೆ ಓದಲು ಮಕ್ಕಳ ಪುಸ್ತಕ ಮತ್ತು ಅದಕ್ಕೊಂದು ಸಮಯ ಇಲ್ಲ, ಪ್ರಸ್ತಾವನೆ ಅಷ್ಟಕ್ಕೇ. ಎರಡು ಕಡೆಯೂ ಭಾಷಾ ಅಭಿಮಾನದ ಭಾಷಣ ಕೆಲಸ ಮಾಡುವುದಿಲ್ಲ. ಇಲ್ಲಿನ ಕನ್ನಡ ಶಾಲೆಯ ಅನೇಕ ಮಕ್ಕಳ ಮನೆಮಾತು ತುಳು, ಮಲೆಯಾಳ, ಬ್ಯಾರಿ, ಕೊಂಕಣಿ. ಅದನ್ನು ಮುಚ್ಚಿಡುವ ಬದಲು ಬರೆದರೆ, ಓದು ತರಗತಿ ಏಕೆ ಬೇಕು ಎಂಬುದಕ್ಕೆ ಅದೇ ಬಲವಾದ ಕಾರಣ.

ಫಲಿತಾಂಶದ ಸಾಲು

ಎಡವುವುದು ಹೆಚ್ಚಾಗಿ ಇಲ್ಲಿ. 180 ತರಗತಿ ನಡೆಸಲಾಗುವುದು, 900 ಪುಸ್ತಕ ಹಂಚಲಾಗುವುದು ಎಂಬುದು ಮಾಡುವ ಕೆಲಸದ ಅಳತೆ. ಅದರಿಂದ ಮಕ್ಕಳಲ್ಲಿ ಆಗುವ ಬದಲಾವಣೆ ಬೇರೆಯೇ ಸಾಲು: ಜೂನಿನಲ್ಲಿ ಕಥೆಯ ಮಟ್ಟ ತಲುಪದ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಫೆಬ್ರವರಿಯಲ್ಲಿ ತಲುಪಿರುತ್ತಾರೆ. ಎರಡೂ ಬೇಕು, ಬೇರೆ ಬೇರೆ ಕಾಲಮಿನಲ್ಲಿ. ಪ್ರತಿಯೊಂದರ ಎದುರು ಅಳೆಯುವ ಸಾಧನ (ಹಾಜರಿ ಪುಸ್ತಕ, ಪುಸ್ತಕದ ದಾಸ್ತಾನು ವಹಿ, ಓದಿನ ಹಾಳೆ), ಅಳೆಯುವ ತಿಂಗಳು, ಅಳೆಯುವವರು ಯಾರು ಎಂಬುದನ್ನು ಬರೆಯಿರಿ. ಕಲಿಸುವವರೇ ಪರೀಕ್ಷಿಸಿದರೆ ಅಂಕಿ ಉಬ್ಬುತ್ತದೆ, ಆದ್ದರಿಂದ ಒಂದು ಶಾಲೆಯವರು ಇನ್ನೊಂದು ಶಾಲೆಯ ಮಕ್ಕಳನ್ನು ಪರೀಕ್ಷಿಸಲಿ. ನೂರಕ್ಕೆ ನೂರು ಎಂದು ಯಾವ ಸಾಲಿನಲ್ಲೂ ಬರೆಯಬೇಡಿ.

ಮಕ್ಕಳ ಜೊತೆಗಿನ ಕೆಲಸಕ್ಕೆ ಮಕ್ಕಳ ಸುರಕ್ಷತಾ ನೀತಿಯನ್ನು ಈಗ ಹೆಚ್ಚಿನವರು ಕೇಳುತ್ತಾರೆ. ಒಂದೂವರೆ ಪುಟ ಸಾಕು: ತರಗತಿಯಲ್ಲಿ ಯಾವಾಗಲೂ ಇಬ್ಬರು ಹಿರಿಯರು, ದೂರು ಕೊಡಬೇಕಾದವರ ಹೆಸರು, ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೋ ಕಾಯಿದೆಯಂತೆ ಪೊಲೀಸರಿಗೆ ತಿಳಿಸುವ ಕ್ರಮ, ಫೋಟೋಗೆ ಹೆತ್ತವರ ಲಿಖಿತ ಒಪ್ಪಿಗೆ. ಶಾಲೆಯೊಳಗೆ ಕೆಲಸ ಮಾಡಲು ಎಇಒ (ಉಪಜಿಲ್ಲಾ ಶಿಕ್ಷಣಾಧಿಕಾರಿ) ಕಚೇರಿಯ ಅನುಮತಿಪತ್ರವನ್ನೂ ಜೊತೆಗಿಡಿ. ಅರ್ಜಿ ಹಾಕಿದ ಮೇಲೆ ಅನುಮತಿಗೆ ಹೊರಟರೆ ರಜೆಯಲ್ಲಿ ಸಿಕ್ಕಿಕೊಳ್ಳುತ್ತದೆ.

ಯಾರನ್ನು ಕೇಳುವುದು

ಕಂಪೆನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣಕ್ಕೆ ಎಲ್ಲರೂ ಓಡುತ್ತಾರೆ, ನಿಯಮ ಓದುವವರು ಕಡಿಮೆ. 2013ರ ಕಂಪೆನಿ ಕಾಯಿದೆಯ 135ನೇ ಕಲಮಿನಂತೆ 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪೆನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ನೂರಕ್ಕೆ ಎರಡನ್ನು ಖರ್ಚು ಮಾಡಬೇಕು. ಏಳನೇ ಅನುಸೂಚಿಯಲ್ಲಿರುವ ವಿಷಯಗಳಿಗೆ ಮಾತ್ರ. ಶಿಕ್ಷಣ, ಸಾರ್ವಜನಿಕ ಗ್ರಂಥಾಲಯ, ಸಾಂಪ್ರದಾಯಿಕ ಕಲೆ ಎಲ್ಲವೂ ಅದರಲ್ಲಿವೆ. ಒಂದು ದಿನದ ಕಾರ್ಯಕ್ರಮ, ಪ್ರಶಸ್ತಿ, ಪ್ರಾಯೋಜಕತ್ವ ಅದಕ್ಕೆ ಸಲ್ಲುವುದಿಲ್ಲ, ಹಾಗಾಗಿ ವಾರ್ಷಿಕೋತ್ಸವ, ಸನ್ಮಾನಕ್ಕೆ ಸಿಎಸ್‌ಆರ್ ಕೇಳಿ ಅಂಚೆ ಖರ್ಚು ಮಾಡಬೇಡಿ. ಕಂಪೆನಿಗಳು ತಮ್ಮ ಘಟಕದ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಇದೆ. ಸೀತಾಂಗೋಳಿಯಲ್ಲಿ ಎಚ್‌ಎಎಲ್ ಘಟಕ ಇರುವುದು ಕುಂಬಳೆ ಸುತ್ತಿನ ಸಂಘಗಳು ಗಮನಿಸಬೇಕಾದ ಸಂಗತಿ.

ನಿಮ್ಮ ಕಡೆಯಿಂದ ಬೇಕಾದ್ದು ಸಿಎಸ್‌ಆರ್-1 ನೋಂದಣಿ. 2021ರ ಏಪ್ರಿಲ್ 1ರಿಂದ ಅದು ಕಡ್ಡಾಯ. ಅದಕ್ಕೆ ಆದಾಯ ತೆರಿಗೆಯ 12ಎ (ಸಂಘಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗೆ ತೆರಿಗೆ ರಿಯಾಯಿತಿ) ಇರಬೇಕು, ಅದೇ ರೀತಿಯ ಕೆಲಸದಲ್ಲಿ ಮೂರು ವರ್ಷದ ಅನುಭವ ಇರಬೇಕು, ಫಾರಂಗೆ ಚಾರ್ಟರ್ಡ್ ಅಕೌಂಟೆಂಟರಂಥವರ ಡಿಜಿಟಲ್ ಸಹಿ ಬೇಕು. ನಿನ್ನೆ ಹುಟ್ಟಿದ ಸಂಘಕ್ಕೆ ಈ ಬಾಗಿಲು ತೆರೆಯುವುದಿಲ್ಲ. ಮೊದಲ ಮೂರು ವರ್ಷ ಪಂಚಾಯತು, ಊರವರು, ಸಣ್ಣ ದತ್ತಿನಿಧಿಗಳ ಜೊತೆ ಕೆಲಸ ಮಾಡಿ ದಾಖಲೆ ಕಟ್ಟಿಕೊಳ್ಳಬೇಕು. ಇನ್ನೊಂದು ತಪ್ಪು ತಿಳಿವಳಿಕೆ ಕಂಪೆನಿಯವರ ಬಾಯಲ್ಲೇ ಬರುತ್ತದೆ: ಆಡಳಿತ ವೆಚ್ಚ ನೂರಕ್ಕೆ ಐದು ಮೀರಬಾರದು ಎಂದು. ಆ ಮಿತಿ ಕಂಪೆನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ. ಯೋಜನೆ ನಡೆಸಲು, ಉಸ್ತುವಾರಿಗೆ, ಮೌಲ್ಯಮಾಪನಕ್ಕೆ ಆಗುವ ಖರ್ಚು ಅದರೊಳಗೆ ಬರುವುದಿಲ್ಲ. ನಯವಾಗಿ ನಿಯಮ ತೋರಿಸಿ. ಅವರದೇ ಒಳನೀತಿ ಹಾಗಿದ್ದರೆ ವಾದಿಸಿ ಪ್ರಯೋಜನವಿಲ್ಲ.

ಫೆಬ್ರವರಿ, ಮಾರ್ಚ್‌ನಲ್ಲಿ ಉಳಿದ ಹಣ ಮುಗಿಸಲು ಕಂಪೆನಿಗಳು ಅವಸರ ಮಾಡುವುದುಂಟು. ಮೂರು ವಾರದಲ್ಲಿ ಖರ್ಚು ಮಾಡಿ ಎಂದರೆ ಪುಸ್ತಕ, ಕಪಾಟು ಕೊಳ್ಳಬಹುದು; ವರ್ಷದ ಕಾರ್ಯಕ್ರಮ ಅದರಲ್ಲಿ ನಡೆಯದು. ಹಲವು ವರ್ಷದ ಯೋಜನೆಯೆಂದು ಕಂಪೆನಿಯ ಮಂಡಳಿ ಮೊದಲೇ ಒಪ್ಪಿದ್ದರೆ ಉಳಿದ ಹಣವನ್ನು ಪ್ರತ್ಯೇಕ ಖಾತೆಗೆ ಹಾಕಿ ಮುಂದುವರಿಸಲು ಅವಕಾಶವಿದೆ. ಹಾಗಾಗಿ ಪ್ರಸ್ತಾವನೆಯಲ್ಲೇ ಎರಡು ಮೂರು ವರ್ಷದ ಕ್ರಮ ತೋರಿಸುವುದು ಒಳ್ಳೆಯದು.

ಸರಕಾರಿ ಮೂಲಗಳು ಬೇರೆ ಜಾತಿ. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರನಾಡ ಗಡಿಯ ಕನ್ನಡ ಶಾಲೆ, ಸಂಸ್ಥೆಗಳಿಗೂ ನೆರವು ಕೊಡುತ್ತದೆ. ಗ್ರಂಥಾಲಯಗಳಿಗೆ ಕೇರಳ ರಾಜ್ಯ ಗ್ರಂಥಾಲಯ ಕೌನ್ಸಿಲಿನ ಮಾನ್ಯತೆ ಮೊದಲ ಮೆಟ್ಟಿಲು. ಯಕ್ಷಗಾನದಂಥ ಕಲೆಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ ಗುರು ಶಿಷ್ಯ ಪರಂಪರೆ ಯೋಜನೆ ಇದೆ, ಅದರಲ್ಲಿ ಗುರುವಿಗೂ ಶಿಷ್ಯರಿಗೂ ತಿಂಗಳ ಸಹಾಯಧನ. ಕೇಂದ್ರದ ಯಾವುದೇ ಅನುದಾನಕ್ಕೆ ನೀತಿ ಆಯೋಗದ ಎನ್‌ಜಿಒ ದರ್ಪಣ್ ಜಾಲತಾಣದಲ್ಲಿ ಸಂಘ ನೋಂದಾಯಿಸಿ ಪಡೆದ ಸಂಖ್ಯೆ ಬೇಕು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕಲೆಯ ಸಂಶೋಧನೆ, ಪ್ರಯೋಗಗಳಿಗೆ ಅನುದಾನ ಕೊಡುತ್ತದೆ, ಪ್ರಸ್ತಾವನೆಯನ್ನು ಕನ್ನಡದಲ್ಲೇ ಬರೆಯಬಹುದು. ಇಂಗ್ಲಿಷಿಗೆ ಹೆದರಿ ಕೈಬಿಟ್ಟವರಿಗೆ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಕಾಣೆ.

ಗಲ್ಫಿನ ಹಣದ ಮಾತು ಇಲ್ಲಿ ಹೇಳಲೇಬೇಕು. ದುಬೈಯಲ್ಲೋ ಕುವೈಟಿನಲ್ಲೋ ಇರುವ ಊರಿನವರು ಭಾರತದ ಪಾಸ್‌ಪೋರ್ಟ್ ಹೊಂದಿದ್ದು, ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟಿನ ಪ್ರತಿ ತೆಗೆದಿಟ್ಟುಕೊಳ್ಳಿ. ಅದೇ ಜನ ಅಲ್ಲಿ ಕಟ್ಟಿಕೊಂಡ, ಆ ದೇಶದಲ್ಲಿ ನೋಂದಣಿಯಾದ ಕೂಟದ ಖಾತೆಯಿಂದ ಬಂದರೆ ಅದು ವಿದೇಶಿ ದೇಣಿಗೆ. ಬೇರೆ ದೇಶದ ಪೌರತ್ವ ಪಡೆದು ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇಟ್ಟುಕೊಂಡವರದ್ದೂ ಹಾಗೆಯೇ. ವಿದೇಶಿ ದೇಣಿಗೆ ನಿಯಂತ್ರಿಸುವ 2010ರ ಎಫ್‌ಸಿಆರ್‌ಎ ಕಾಯಿದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಮುಟ್ಟುವಂತಿಲ್ಲ. 2020ರ ತಿದ್ದುಪಡಿಯ ನಂತರ ಅಂಥ ಹಣ ಮೊದಲು ಬರಬೇಕಾದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ, ಆಡಳಿತಕ್ಕೆ ನೂರಕ್ಕೆ 20ರ ಮಿತಿ, ಇನ್ನೊಂದು ಸಂಘಕ್ಕೆ ದಾಟಿಸುವಂತೆಯೂ ಇಲ್ಲ. ದೊಡ್ಡ ಸಂಘದ ಹೆಸರಿನಲ್ಲಿ ತರಿಸಿ ಸಣ್ಣ ಸಂಘಕ್ಕೆ ಕೊಡಿಸುವ ಹಳೆಯ ಏರ್ಪಾಟು ಈಗ ಅಪರಾಧ.

ಕಾಗದಪತ್ರ, ಅಕ್ಷರ

ಅರ್ಜಿ ತಿರಸ್ಕೃತವಾಗುವುದು ಕೆಲವೊಮ್ಮೆ ವಿಚಾರದಿಂದಲ್ಲ, ಹೆಸರಿನಿಂದ. ನೋಂದಣಿ ಪತ್ರದಲ್ಲಿ ಸಂಘದ ಹೆಸರು ಒಂದು ಬಗೆ, ಪಾನ್ ಕಾರ್ಡಿನಲ್ಲಿ ಇಂಗ್ಲಿಷಿನ ಇನ್ನೊಂದು ಕಾಗುಣಿತ, ಬ್ಯಾಂಕಿನಲ್ಲಿ ಮೂರನೆಯದು. ಪದಾಧಿಕಾರಿಗಳದ್ದು ಇನ್ನೂ ಗೋಜಲು: ಆಧಾರ್‌ನಲ್ಲಿ ಇನಿಶಿಯಲ್ ಹೆಸರಿನ ಹಿಂದೆ, ಪಾನ್‌ನಲ್ಲಿ ಅದನ್ನು ಬಿಡಿಸಿ ಬರೆದ ಮನೆತನದ ಹೆಸರು. ದರ್ಪಣ್ ಜಾಲತಾಣ ಎರಡನ್ನು ಹೊಂದಿಸಿ ನೋಡಿ ತಳ್ಳಿಹಾಕುತ್ತದೆ. ಪ್ರಸ್ತಾವನೆ ಬರೆಯುವ ಎರಡು ತಿಂಗಳು ಮೊದಲೇ ಇದನ್ನು ಸರಿಪಡಿಸಿಕೊಳ್ಳಿ. ಇಲ್ಲಿನ ಹಳೆಯ ಸಂಘಗಳ ನೋಂದಣಿ 1860ರ ಸೊಸೈಟಿ ಕಾಯಿದೆಯಡಿ. ತಿರುವನಂತಪುರದ ಕಡೆಯಿಂದ ಸಿಕ್ಕಿದ ಮಾದರಿ ಅರ್ಜಿಗಳಲ್ಲಿ ತಿರುವಾಂಕೂರು ಕೊಚ್ಚಿಯ 1955ರ ಕಾಯಿದೆಯ ಹೆಸರಿರುತ್ತದೆ. ನೋಡದೆ ನಕಲು ಮಾಡಿದರೆ ಮೊದಲ ಪುಟವೇ ತಪ್ಪು. ಬೈಲಾ ಕನ್ನಡದಲ್ಲಿದ್ದರೆ ನೋಟರಿ ಮಾಡಿಸಿದ ಇಂಗ್ಲಿಷ್ ಅನುವಾದ ಇಟ್ಟುಕೊಳ್ಳಿ.

ಇನ್ನು ಅಕ್ಷರ. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ್ದನ್ನು ಆನ್‌ಲೈನ್ ಫಾರಮಿಗೆ ಅಂಟಿಸಿದರೆ ಅಲ್ಲಿ ಕಾಣುವುದು ಕಸ. ಯುನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು ಸರಿಯಿದೆಯೇ ಎಂದು ಒಮ್ಮೆ ಓದಿ. 1,000 ಅಕ್ಷರದ ಮಿತಿಯಿರುವ ಪೆಟ್ಟಿಗೆಯಲ್ಲಿ ಕಂಪ್ಯೂಟರು ಗುಣಿತ, ಒತ್ತುಗಳನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ: ಕಣ್ಣಿಗೆ ನಾಲ್ಕು ಅಕ್ಷರದ ಯಕ್ಷಗಾನ ಅದರ ಲೆಕ್ಕದಲ್ಲಿ ಏಳು. ಹಾಗಾಗಿ ಕನ್ನಡದಲ್ಲಿ ತುಂಬುವಾಗ ನೀವು ಅಂದುಕೊಂಡದ್ದಕ್ಕಿಂತ ಬೇಗ ಜಾಗ ಮುಗಿಯುತ್ತದೆ.

ಇಂಗ್ಲಿಷಿನಲ್ಲಿ ಕಳಿಸಬೇಕಾದಾಗಲೂ ಮೊದಲು ಕನ್ನಡದಲ್ಲೇ ಎರಡು ಪುಟದ ಟಿಪ್ಪಣಿ ಬರೆದು ಸಂಘದ ಸಭೆಯಲ್ಲಿ ಓದಿ. ಕೆಲಸ ಮಾಡಬೇಕಾದವರು ಅಲ್ಲಿ ಕೂತಿರುತ್ತಾರೆ, ಈ ಶನಿವಾರ ಆಗುವುದಿಲ್ಲ, ಆ ಶಾಲೆಗೆ ಬಸ್ಸಿಲ್ಲ ಎಂದು ಅವರೇ ಹೇಳುತ್ತಾರೆ. ಎಐ ಉಪಕರಣದಿಂದ ಅನುವಾದ ಮಾಡಿಸಿದರೆ ಅಂಕಿಗಳನ್ನೂ ಊರಿನ ಹೆಸರುಗಳನ್ನೂ ಒಂದೊಂದಾಗಿ ತಾಳೆ ನೋಡಿ. ಕಲಿಯಲು ಇನ್ನೊಂದು ದಾರಿಯೂ ಇದೆ. ಕಂಪೆನಿಗಳು ಮಂಡಳಿ ಒಪ್ಪಿದ ಸಿಎಸ್‌ಆರ್ ಯೋಜನೆಗಳನ್ನು ತಮ್ಮ ಜಾಲತಾಣದಲ್ಲಿ ಹಾಕಬೇಕು. ಅಲ್ಲಿ ಶಿಕ್ಷಣಕ್ಕೆ ಎಂಥ ಕೆಲಸ, ಎಷ್ಟು ಮೊತ್ತ ಎಂದು ನೋಡಿ. ಹತ್ತು ಲಕ್ಷಕ್ಕಿಂತ ಕೆಳಗಿನದನ್ನು ಒಪ್ಪಿಯೇ ಇಲ್ಲದ ಕಂಪೆನಿಗೆ 4,04,000ದ ಪ್ರಸ್ತಾವನೆ ಕಳಿಸುವುದು ಎರಡೂ ಕಡೆಯವರ ಸಮಯ ಹಾಳು.

ಹಣ ಬಂದಮೇಲೆ

ಮಂಜೂರಾತಿ ಪತ್ರದ ದಿನಾಂಕಕ್ಕೆ ಮೊದಲು ಮಾಡಿದ ಖರ್ಚು ಸೇರುವುದಿಲ್ಲ. ಒಂದು ದಿನ ಒಬ್ಬರಿಗೆ 10,000 ಮೀರಿ ನಗದು ಕೊಟ್ಟರೆ ತೆರಿಗೆಯ ಲೆಕ್ಕದಲ್ಲಿ ಅದು ಸತ್ಕಾರ್ಯದ ಖರ್ಚೆಂದು ಒಪ್ಪಿಗೆಯಾಗುವುದಿಲ್ಲ. ಪದಾಧಿಕಾರಿಯ ಸ್ವಂತ ಮುದ್ರಣಾಲಯದಿಂದ ಕೊಳ್ಳಬೇಕಾದರೆ ಇತರ ಎರಡು ಕೊಟೇಶನ್ ಮತ್ತು ಅವರು ಹೊರಗಿದ್ದು ಮಾಡಿದ ನಿರ್ಣಯ ಕಡತದಲ್ಲಿರಲಿ. ಒಂದು ಬಾಬತ್ತಿನಿಂದ ಇನ್ನೊಂದಕ್ಕೆ ಹಣ ಬದಲಿಸಲು ಕರಾರಿನಲ್ಲಿ ಮಿತಿ ಬರೆದಿರುತ್ತದೆ. ಮೀರುವ ಮೊದಲು ಇಮೇಲಿನಲ್ಲಿ ಕೇಳಿ ಉತ್ತರವನ್ನು ಮುದ್ರಿಸಿಡಿ.

ಕೇಂದ್ರ ಸರಕಾರದ ಅನುದಾನವಾದರೆ 2017ರ ಸಾಮಾನ್ಯ ಹಣಕಾಸು ನಿಯಮದ 12-ಎ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ ಕೊಡಬೇಕು, ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ. ಹಿಂದಿನದು ಬಾಕಿಯಿದ್ದರೆ ಮುಂದಿನ ಕಂತು ಬರುವುದಿಲ್ಲ. ಖಾತೆಯಲ್ಲಿ ಕೂತ ಹಣಕ್ಕೆ ಬಂದ ಬಡ್ಡಿಯೂ ಸಂಘದ್ದಲ್ಲ, ಹಿಂದಿರುಗಿಸಬೇಕು. ಆ ಹಣದಿಂದ ಕೊಂಡ ಕಪಾಟು, ಚೆಂಡೆ, ಪ್ರೊಜೆಕ್ಟರ್ ಆಸ್ತಿ ವಹಿಯಲ್ಲಿ ಇರಬೇಕು, ಅನುಮತಿಯಿಲ್ಲದೆ ಮಾರುವಂತಿಲ್ಲ.

ತಿರಸ್ಕಾರ ಬಂದರೆ ಎರಡು ಸಾಲಿನ ಇಮೇಲ್ ಬರೆದು ಕಾರಣ ಕೇಳಿ. ಹೆಚ್ಚಿನವರು ಉತ್ತರಿಸುವುದಿಲ್ಲ. ಉತ್ತರಿಸಿದವರ ಮಾತನ್ನು ಅದೇ ಪ್ರಸ್ತಾವನೆಯ ಕಡತದಲ್ಲಿ, ಬಜೆಟ್ಟಿನ ಹಾಳೆಯ ಹಿಂಬದಿಗೇ ಪಿನ್ನು ಮಾಡಿ ಇಡಿ; ಮುಂದಿನ ಸಲ ಬದಲಾಗಬೇಕಾದದ್ದು ಹೆಚ್ಚಾಗಿ ಆ ಹಾಳೆಯೇ.